ಮೊಲಿನಾ ನಿಜಕ್ಕೂ ಒಳ್ಳೆ ಕೋಚಾ, ಇಲ್ಲ ದುಡ್ಡಿನ ತಂಡ ಸಿಕ್ಕ ಅದೃಷ್ಟವಂತನಾ?

ಕಂಠೀರವ ಕಾಯಂ ಗಿರಾಕಿ

ನವೆಂಬರ್ 2025ರಲ್ಲಿ ಕೊಲ್ಕತ್ತಾದ ಫುಟ್‌ಬಾಲ್ ಕ್ಲಬ್ ಮೋಹನ್ ಬಗಾನ್ ತನ್ನ ಕೋಚ್ ಹೊಸೆ ಮೊಲಿನಾ ಅವರನ್ನ ಬಿಟ್ಟು ಸೆರ್ಜಿಯೊ ಲೊಬೇರಾ ಅವರನ್ನ ಕರ್ಕೊಂಡಾಗ ನಮ್ಮ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ವಾಟ್ಸಾಪ್ ಗುಂಪುಗಳಲ್ಲಿ ಕುಣಿದವರೇ ಕುಣಿದವರು. "ಆ ತಂಡ ಕೊಟ್ರೆ ಯಾರು ಬೇಕಾದ್ರೂ ಕಪ್ ಗೆಲ್ತಾರೆ" ಅನ್ನೋ ಮಾತು ಅವತ್ತಿಂದ ಇವತ್ತಿನವರೆಗೂ ನಿಂತಿಲ್ಲ. ನನಗೂ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕಿ ಹರೀತಿಲ್ಲ. 2025ರ ಏಪ್ರಿಲ್ 12ರಂದು ಕೊಲ್ಕತ್ತಾದ ಸಾಲ್ಟ್‌ಲೇಕ್ ಸ್ಟೇಡಿಯಂನಲ್ಲಿ ನಮ್ಮನ್ನ 2-1ಕ್ಕೆ ಸೋಲಿಸಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಎತ್ತಿದ್ದು ಅವರದೇ ತಂಡ.

ಆದರೆ ಒಂದು ವಿಷಯ ಯಾರೂ ಮಾತಾಡಲ್ಲ. ಈತ ಭಾರತಕ್ಕೆ ಬಂದ ಸ್ಪ್ಯಾನಿಷ್ ಕೋಚ್‌ಗಳಲ್ಲಿ ಆಟಗಾರನಾಗಿ ಅತಿ ದೊಡ್ಡ ಮಟ್ಟ ಮುಟ್ಟಿದವರಲ್ಲಿ ಒಬ್ಬ. ಸ್ಪೇನ್ ರಾಷ್ಟ್ರೀಯ ತಂಡದ ಗೋಲ್‌ಕೀಪರ್. ಅಲ್ಲಿನ ಲೀಗ್ ಗೆದ್ದವರು, ಅಲ್ಲಿನ ನಾಕೌಟ್ ಕಪ್ ಆದ ಕೋಪಾ ಡೆಲ್ ರೇ ಗೆದ್ದವರು, ಯುರೋಪಿನ ದೊಡ್ಡ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಸೆಮಿಫೈನಲ್ ಆಡಿದವರು. ಅದರ ಜೊತೆಗೇ ಇಡೀ ಯುರೋಪ್ ನೋಡ್ತಿರುವಾಗ ಎರಡು ಸಲ ಮುಖಭಂಗ ಅನುಭವಿಸಿದವರು. ಕೋಚ್ ಆಗಿ ಶುರು ಮಾಡಿದ ದೊಡ್ಡ ಕೆಲಸದಲ್ಲೇ ಮೂರು ತಿಂಗಳಿಗೆ ಮನೆಗೆ ಹೋದವರು.

ನನ್ನ ವಾದ ಇಷ್ಟೇ: ಮೊಲಿನಾ ಅವರ ಕೋಚಿಂಗ್ ಅರ್ಥ ಆಗ್ಬೇಕಾದ್ರೆ ಅವರು ಗೋಲಿನ ಮುಂದೆ ನಿಂತ ಕಾಲ ನೋಡಬೇಕು. ಕೆಟ್ಟ ಫಲಿತಾಂಶ ಬಂದಾಗ ಗಾಬರಿಗೆ ತಂಡ ಕಲಕದೆ ಇರೋದು, ಹೆಸರು ನೋಡದೆ ಸ್ಟಾರ್ ಆಟಗಾರನನ್ನ ಬೆಂಚಿಗೆ ಕಳಿಸೋದು, ಈ ಎರಡೂ ಕೀಪರ್ ಬದುಕಿಂದ ಬಂದದ್ದು ಅಂತ ನನಗೆ ಅನ್ಸತ್ತೆ. ಒಪ್ಪದವರು ಬನ್ನಿ, ಮಾತಾಡೋಣ.

ಆಸ್ಟಿನ್ ಟೌನ್ ಬೂಟು

ಒಪ್ಪಲ್ಲ ಗುರು. ಮುಂದೆ ಜೇಮಿ ಮ್ಯಾಕ್ಲಾರೆನ್, ಜೇಸನ್ ಕಮಿಂಗ್ಸ್, ಪೆಟ್ರಾಟೋಸ್, ಹಿಂದೆ ಗ್ರೆಗ್ ಸ್ಟೀವರ್ಟ್. ಇಂಡಿಯನ್ ಆಟಗಾರರಲ್ಲಿ ಲಿಸ್ಟನ್, ಮನ್ವೀರ್, ಅಪುಯಾ, ಸಹಲ್. ಬೇರೆ ಟೀಮಲ್ಲಿ ಇಷ್ಟು ಜನ ಇದ್ರೆ ಎರಡು ಹನ್ನೊಂದು ಕಟ್ಟಬಹುದು. ಇದರಲ್ಲಿ ಗೋಲ್‌ಕೀಪರ್ ಮನಸ್ಸು, ಗಿನಸ್ಸು ಎಲ್ಲಿಂದ ಬಂತು?

ಬೆಳಗಾವಿ ಗೋಲಿ

ಸ್ವಲ್ಪ ತಡೀರಿ, ಬಜೆಟ್ ಮಾತು ಆಮೇಲೆ ಆಡೂಣು. ನಾನೂ ಕಾಲೇಜಿನ್ಯಾಗ ಗೋಲಿನ ಮುಂದ ನಿಂತಾಂವ, ಹಂಗಾಗಿ ಈ ಮನಿಷ್ಯಾನ ಬಗ್ಗೆ ನನಗ ಒಂದಿಷ್ಟು ಪಕ್ಷಪಾತ ಐತಿ, ಮೊದಲ ಹೇಳಿ ಬಿಡತೇನಿ.

1970ರಾಗ ವಲೆನ್ಸಿಯಾದಾಗ ಹುಟ್ಟಿದ್ದು. ವಲೆನ್ಸಿಯಾ ಕ್ಲಬ್ಬಿನ ಹುಡುಗರ ತಂಡದಾಗ ಬೆಳದ್ರು, ಆದ್ರ ಅಲ್ಲಿ ಹಿರಿಯರ ತಂಡದಾಗ ಜಾಗಾ ಸಿಗಲಿಲ್ಲ. ಅಲ್ಬಸೆಟೆ ಅನ್ನೂ ಸಣ್ಣ ಊರಿನ ತಂಡಕ್ಕ ಹೋಗಿ ಅಲ್ಲಿ ಕಣ್ಣಿಗೆ ಬಿದ್ರು. 1995ರಾಗ ಅಟ್ಲೆಟಿಕೊ ಮ್ಯಾಡ್ರಿಡ್ ಕರಕೊಂತು. ಕೋಚ್ ರಾಡೊಮಿರ್ ಆಂಟಿಚ್. ಆಂಟಿಚ್ ಅವರ ಡಿಫೆನ್ಸ್ ಲೈನ್ ಭಾಳ ಮುಂದ ನಿಲ್ಲತಿತ್ತು. ಅಂದ್ರ ಅದರ ಹಿಂದ ಖಾಲಿ ಬಯಲು. ಆ ಬಯಲು ಕಾಯೋ ಕೆಲಸ ಮೊಲಿನಾಂದು. ಪೆನಾಲ್ಟಿ ಬಾಕ್ಸ್ ಬಿಟ್ಟು ಹೊರಗ ಓಡಿ ಬಂದು ಕಾಲಿಲೆ ಚೆಂಡು ತಗದು ಹಾಕತಿದ್ರು. ಇವತ್ತು ಎಲ್ಲಾ ಕೀಪರ್‌ಗಳೂ ಮಾಡತಾರ, ಅವಾಗ ಅದನ್ನ ಹುಚ್ಚಾಟ ಅಂತಿದ್ರು.

ಆ ಮೊದಲ ವರ್ಷದಾಗ ಅಟ್ಲೆಟಿಕೊ ಲೀಗೂ ಗೆದ್ದಿತು, ಕೋಪಾ ಡೆಲ್ ರೇನೂ ಗೆದ್ದಿತು. 42 ಪಂದ್ಯ, ಬಿಟ್ಟುಕೊಟ್ಟದ್ದು 32 ಗೋಲು. ಸ್ಪೇನಿನಾಗ ಅತಿ ಕಡಿಮಿ ಗೋಲು ಬಿಟ್ಟ ಕೀಪರ್‌ಗ ಕೊಡೂ ಸಮೋರಾ ಪ್ರಶಸ್ತಿ ಮೊಲಿನಾಗ ಬಂತು. ಇನ್ನೊಂದು ಮಜಾ ನೋಡ್ರಿ: ಲೀಗ್ ಕಟ್ಟಕಡೇ ಪಂದ್ಯದಾಗ 2-0 ಸೋಲಿಸಿ ಚಾಂಪಿಯನ್ ಆಗಿದ್ದು ಯಾರ ಮ್ಯಾಲ? ಅದ ಅಲ್ಬಸೆಟೆ ಮ್ಯಾಲ. ಅವತ್ತು ಒಂದು ಗೋಲ್ ಹೊಡದಾಂವ ಡಿಯೇಗೊ ಸಿಮಿಯೋನೆ, ಇವತ್ತಿನ ಅಟ್ಲೆಟಿಕೊ ಕೋಚ್.

ಈಗ ಮುಖ್ಯ ಸಂಗತಿ. ಏಪ್ರಿಲ್ 1996, ಓಸ್ಲೋದಾಗ ನಾರ್ವೆ ಜೋಡಿ ಸೌಹಾರ್ದ ಪಂದ್ಯ. ಸ್ಪೇನ್ ಕೋಚ್ ಹಾವಿಯರ್ ಕ್ಲೆಮೆಂಟೆ. ಬೆಂಚಿನ ಮ್ಯಾಲಿದ್ದ ಉಳದ ಆಟಗಾರರೆಲ್ಲಾ ಇಳದಾಗಿತ್ತು, ಆಟ ಮುಗಿಯಾಕ ಇನ್ನೂ ಸ್ವಲ್ಪ ಟೈಮ್ ಇದ್ದಾಗ ಡಿಫೆಂಡರ್ ಲೋಪೆಸ್‌ಗ ಪೆಟ್ಟಾತು. ಬೆಂಚಿನ ಮ್ಯಾಲ ಉಳದಾಂವ ಕೀಪರ್ ಒಬ್ಬನ. ಕ್ಲೆಮೆಂಟೆ ಏನ್ ಮಾಡಿದ್ರು? ಮೊಲಿನಾನ್ನ ಎಡಗಡೆ ಮಿಡ್‌ಫೀಲ್ಡಿನ್ಯಾಗ ಇಳಿಸಿ ಬಿಟ್ರು! ರಾಷ್ಟ್ರೀಯ ತಂಡದ ಪರ ಮೊದಲನೇ ಪಂದ್ಯ, ಗೋಲ್‌ಕೀಪರ್ ಅಂಗಿ ಇಲ್ಲ, ಗ್ಲೌಸ್ ಇಲ್ಲ, ವಿಂಗ್ ಮ್ಯಾಲ ಓಡಾಟ. ಪಂದ್ಯ 0-0.

ಹೊಸಬ

ನಾನು ಈಗಷ್ಟೇ ಫುಟ್‌ಬಾಲ್ ನೋಡೋಕೆ ಶುರು ಮಾಡಿದ್ದು. ಕೀಪರ್‌ನ ಹೀಗೆ ಹೊರಗೆ ಆಡಿಸೋಕೆ ರೂಲ್ಸ್ ಬಿಡತ್ತಾ?

ಬೆಳಗಾವಿ ಗೋಲಿ

ಬಿಡತೈತಿ. ಸಬ್ ಆಗಿ ಬಂದಾಂವ ಉಳದ ಆಟಗಾರರ ಬಣ್ಣದ ಅಂಗಿ ಹಾಕ್ಕೊಂಡು ಬಂದ್ರ ಮುಗೀತು, ಅವಾ ಯಾವ ಜಾಗಾದಾಗ ಬೇಕಾದ್ರೂ ಆಡಬಹುದು. ಕೈ ಮಾತ್ರ ಹಚ್ಚಂಗಿಲ್ಲ. ಮೊಲಿನಾ ಕಾಲಿಲೆ ಚೊಲೋ ಆಡತಿದ್ರು, ಅದಕ್ಕ ಕ್ಲೆಮೆಂಟೆಗ ಆ ಧೈರ್ಯ ಬಂತು.

ಕುಡ್ಲದ ಕಾರ್ನರ್

ನಾರ್ವೆ ಕತೆ ಅಲ್ಲಿಗೆ ಮುಗೀಲಿಲ್ಲ ಮಾರಾಯ್ರೆ. ನಾಲ್ಕು ವರ್ಷ ಕಳೆದ ಮೇಲೆ, ಯೂರೋ 2000, ರಾಟರ್‌ಡ್ಯಾಮ್. ಸ್ಪೇನಿನ ಮೊದಲ ಪಂದ್ಯ, ಎದುರು ಅದೇ ನಾರ್ವೆ. ಕೋಚ್ ಕಮಾಚೊ ಮೊಲಿನಾ ಅವರನ್ನೇ ಗೋಲಿಗೆ ನಿಲ್ಲಿಸಿದ್ರು. ಉದ್ದ ಚೆಂಡೊಂದು ಬಂತು, ಮೊಲಿನಾ ಗೋಲು ಬಿಟ್ಟು ಮುಂದೆ ಓಡಿದ್ರು, ಚೆಂಡು ಸಿಗ್ಲಿಲ್ಲ. ಇವರ್ಸೆನ್ ತಲೆ ಕೊಟ್ಟ, ಗೋಲ್. 0-1. ಮುಂದಿನ ಪಂದ್ಯಕ್ಕೆ ಕಾನ್ಯಿಸಾರೆಸ್ ಬಂದಾಯ್ತು. ಆಮೇಲೆ ಮೊಲಿನಾ ಸ್ಪೇನ್ ಪರ ಒಂದೇ ಒಂದು ಪಂದ್ಯ ಆಡ್ಲಿಲ್ಲ. ಒಟ್ಟು 9 ಪಂದ್ಯ, ಶುರುವೂ ನಾರ್ವೆ, ಕೊನೆಯೂ ನಾರ್ವೆ.

ಅಟ್ಲೆಟಿಕೊದಲ್ಲಿ ಅವರನ್ನು ಹೀರೋ ಮಾಡಿದ್ದು ಯಾವ ಆಟವೋ ಅದೇ ಆಟ ಅವತ್ತು ಕೈ ಕೊಟ್ಟದ್ದು. ಮುಂದೆ ಓಡಿ ಬರುದು. ಸಿಕ್ಕಿದ್ರೆ ಚಾಣಾಕ್ಷ, ಸಿಗದಿದ್ರೆ ಪೆದ್ದ. ಕೀಪರ್‌ಗೆ ಅದರ ನಡುವೆ ಜಾಗ ಇಲ್ಲ.

ಅದೇ ವರ್ಷ ಅಟ್ಲೆಟಿಕೊ ಎರಡನೇ ಡಿವಿಷನ್‌ಗೆ ಬಿತ್ತು. ಅಲ್ಲಿಂದ ಮೂರು ಜನ ಒಟ್ಟಿಗೆ ಡೆಪೋರ್ಟಿವೊ ಲಾ ಕೊರುನ್ಯಾಕ್ಕೆ ಹೋದ್ರು: ಮೊಲಿನಾ, ವಲೆರೋನ್, ಕ್ಯಾಪ್ಡೆವಿಲಾ. ಡೆಪೋರ್ ಅಂದ್ರೆ ನನಗೆ ಪ್ರಾಣ, ಆದ್ದರಿಂದ ಇಲ್ಲಿ ಸ್ವಲ್ಪ ಉದ್ದ ಆಗ್ತದೆ, ಸಹಿಸಿಕೊಳ್ಳಿ.

2002ರ ಮಾರ್ಚ್ 6. ರಿಯಲ್ ಮ್ಯಾಡ್ರಿಡ್ ಕ್ಲಬ್ಬಿಗೆ ಸರಿಯಾಗಿ ನೂರು ವರ್ಷ ತುಂಬಿದ ದಿನ. ಕೋಪಾ ಡೆಲ್ ರೇ ಫೈನಲ್ ಅವತ್ತೇ, ಅವರದ್ದೇ ಬರ್ನಬ್ಯೂನಲ್ಲಿ. ಎಲ್ಲ ತಯಾರಾಗಿತ್ತು, ಕೇಕ್ ಕತ್ತರಿಸುದೊಂದು ಬಾಕಿ. ಡೆಪೋರ್ ಹೋಗಿ 2-1ಕ್ಕೆ ಗೆದ್ದು ಬಂತು. ಸೆರ್ಜಿಯೊ, ಟ್ರಿಸ್ಟಾನ್ ಗೋಲು ಹೊಡೆದ್ರು, ಗೋಲಿನಲ್ಲಿ ಮೊಲಿನಾ, ರೈಟ್ ಬ್ಯಾಕ್ ಯಾರು ಗೊತ್ತುಂಟಾ? ಲಿಯೊನೆಲ್ ಸ್ಕಲೋನಿ. ಹೌದು, 2022ರಲ್ಲಿ ಅರ್ಜೆಂಟೀನಾಕ್ಕೆ ವಿಶ್ವಕಪ್ ಗೆದ್ದು ಕೊಟ್ಟ ಅದೇ ಕೋಚ್.

ಅದೇ ವರ್ಷ ಅಕ್ಟೋಬರ್‌ನಲ್ಲಿ ವೃಷಣದ ಕ್ಯಾನ್ಸರ್ ಅಂತ ಗೊತ್ತಾಯ್ತು. ಮುಚ್ಚಿಡ್ಲಿಲ್ಲ, ಹೊರಗೆ ಹೇಳಿದ್ರು, ಚಿಕಿತ್ಸೆ ತಗೊಂಡ್ರು, 2003ರಲ್ಲಿ ಮತ್ತೆ ಮೈದಾನಕ್ಕೆ ಬಂದ್ರು.

ವಾಪಸ್ ಬಂದ ಮೇಲಿನ ಸೀಸನ್ ನೋಡಿ. 2003ರ ನವೆಂಬರ್ 5, ಚಾಂಪಿಯನ್ಸ್ ಲೀಗ್, ಮೊನಾಕೊದಲ್ಲಿ. ಡೆಪೋರ್ 3, ಮೊನಾಕೊ 8. ದಾದೊ ಪ್ರ್ಶೊಗೆ ಅವತ್ತು ಹುಟ್ಟುಹಬ್ಬ, ಒಬ್ಬನೇ ನಾಲ್ಕು ಹೊಡೆದ. ಹಾಫ್ ಟೈಮಿಗೆ 5-2 ಆಗಿತ್ತು, ಕೋಚ್ ಇರುರೆಟಾ ಮೊಲಿನಾ ಅವರನ್ನು ತೆಗೆದು ಮುನುವಾನನ್ನು ಹಾಕಿದ್ರು. ಕ್ಯಾನ್ಸರ್ ಗೆದ್ದು ಬಂದ ಕೀಪರ್, ಐದು ಗೋಲು ತಿಂದು ಹಾಫ್ ಟೈಮಿಗೆ ಹೊರಗೆ. ಅಲ್ಲಿಗೆ ಕತೆ ಮುಗೀತು ಅಂತ ಯಾರಾದ್ರೂ ಹೇಳಿದ್ರೆ ಬೈಲಿಕ್ಕೆ ಆಗುದಿಲ್ಲ.

ಐದು ತಿಂಗಳು ಕಳೆದು 2004ರ ಏಪ್ರಿಲ್ 7. ಕ್ವಾರ್ಟರ್ ಫೈನಲ್, ಎದುರು ಹಾಲಿ ಚಾಂಪಿಯನ್ ಮಿಲಾನ್. ಮಾಲ್ದಿನಿ, ನೆಸ್ಟಾ, ಪಿರ್ಲೊ, ಕಕಾ, ಶೆವ್ಚೆಂಕೊ. ಮೊದಲ ಲೆಗ್ (ಎರಡು ಪಂದ್ಯದಲ್ಲಿ ಮೊದಲನೆಯದ್ದು) ಮಿಲಾನಿನಲ್ಲಿ 4-1 ಸೋತು ಬಂದಾಗಿತ್ತು. ಡೆಪೋರ್‌ನ ಸ್ವಂತ ಮೈದಾನ ರಿಯಾಸೋರ್‌ನಲ್ಲಿ ಪಂಡಿಯಾನಿ, ವಲೆರೋನ್, ಲುಕೆ, ಫ್ರಾನ್ ಗೋಲು ಹೊಡೆದ್ರು. 4-0. ಮೂರು ಗೋಲಿನ ಹಿನ್ನಡೆಯನ್ನು ಚಾಂಪಿಯನ್ಸ್ ಲೀಗಿನ ನಾಕೌಟ್‌ನಲ್ಲಿ ಅದುವರೆಗೆ ಯಾರೂ ತಿರುಗಿಸಿರಲಿಲ್ಲ. ಎಂಟು ತಿಂದ ತಂಡವೇ ಮಿಲಾನಿಗೆ ಒಂದೂ ಕೊಡದೆ ಕಳಿಸಿತು, ಗೋಲಿನಲ್ಲಿ ಅದೇ ಮೊಲಿನಾ. ಗೆದ್ದರೆ ಸಂತಿಯಾಗೊಕ್ಕೆ ಪಾದಯಾತ್ರೆ ಮಾಡ್ತೇನೆ ಅಂತ ಇರುರೆಟಾ ಹರಕೆ ಹೊತ್ತಿದ್ರು, ನಡೆದೇ ಹೋದ್ರು. ನಮ್ಮ ಧರ್ಮಸ್ಥಳಕ್ಕೆ ಘಾಟಿ ಇಳಿದು ನಡೆದು ಬರುವವರ ಹಾಗೆ.

ಸೆಮಿಫೈನಲ್‌ನಲ್ಲಿ ಮೊರಿನ್ಯೊ ಅವರ ಪೋರ್ಟೊ ಒಂದು ಪೆನಾಲ್ಟಿಯಲ್ಲಿ ಮುಗಿಸಿತು. 0-0, ಮತ್ತೆ 0-1.

ಕಂಠೀರವ ಕಾಯಂ ಗಿರಾಕಿ

ಇದೇ ನಾನು ಹೇಳ್ತಿರೋದು. ಹಾಫ್ ಟೈಮಲ್ಲಿ ತೆಗೆದು ಹಾಕಿಸಿಕೊಂಡವನಿಗೆ ಬೆಂಚ್ ಅಂದ್ರೆ ಏನು ಅಂತ ಗೊತ್ತಿರತ್ತೆ, ಬೆಂಚಿಂದ ವಾಪಸ್ ಬರೋದು ಏನು ಅಂತಾನೂ ಗೊತ್ತಿರತ್ತೆ. ಅಂಥವನು ಪೆಟ್ರಾಟೋಸ್‌ನ ಕೂರಿಸೋಕೆ ಹೆದರ್ತಾನಾ?

ಆಸ್ಟಿನ್ ಟೌನ್ ಬೂಟು

ಮಗಾ, ಆಟಗಾರನಾಗಿ ದೊಡ್ಡವನು, ಇಲ್ಲ ಅಂದೋರು ಯಾರು? ಕೋಚ್ ಬಗ್ಗೆ ತಾನೇ ಪ್ರಶ್ನೆ ಇರೋದು? ಸ್ಪೇನಿನ ವಿಯ್ಯಾರಿಯಲ್ ಕ್ಲಬ್ಬಿನ ಕತೆ ಯಾಕೆ ಯಾರೂ ಎತ್ತಲ್ಲ? ನಾನೇ ಹೇಳ್ತೀನಿ ಕೇಳಿ. 2011ರ ಡಿಸೆಂಬರ್‌ನಲ್ಲಿ ಮೂರನೇ ದರ್ಜೆಯ ಮಿರಾಂಡೆಸ್ ಕೈಲಿ ಕಪ್‌ನಲ್ಲಿ ಸೋತಾಗ ಕೋಚ್ ಗರಿಡೊನ ತೆಗೆದ್ರು. ಬಿ ತಂಡ ನೋಡ್ಕೊಳ್ತಿದ್ದ ಮೊಲಿನಾಗೆ ಪಟ್ಟ. ಮಾರ್ಚ್‌ನಲ್ಲಿ ಮನೆಗೆ. ಆ ಸೀಸನ್ ಕೊನೆಗೆ ವಿಯ್ಯಾರಿಯಲ್ ಎರಡನೇ ಡಿವಿಷನ್‌ಗೆ ಬಿತ್ತು. ಮೇಲಿನ ತಂಡ ಬಿದ್ದಿದ್ದಕ್ಕೆ ಅವರು ಬೆಳೆಸಿದ್ದ ಬಿ ತಂಡಾನೂ ಒಂದು ಮೆಟ್ಟಿಲು ಕೆಳಗೆ ಹೋಗ್ಬೇಕಾಯ್ತು. ಶ್ರೀಮಂತರ ಟೀಮ್ ಅಲ್ಲದ ಕಡೆ ಇದೇ ಗತಿ.

ಕುಡ್ಲದ ಕಾರ್ನರ್

ಆ ಸೀಸನ್‌ನಲ್ಲಿ ವಿಯ್ಯಾರಿಯಲ್ಲಿಗೆ ಮೂರು ಕೋಚ್. ಮೊಲಿನಾ ಹೋದ ಮೇಲೆ ಲೋಟಿನಾ ಬಂದ್ರು. ಬಿದ್ದದ್ದು ಕಟ್ಟಕಡೆಯ ದಿನ, ಅಟ್ಲೆಟಿಕೊದ ಫಾಲ್ಕಾವೊ ಆಟ ಮುಗಿಯುವ ಹೊತ್ತಿಗೆ ಹೊಡೆದ ಗೋಲಿಗೆ. ಅದನ್ನು ಒಬ್ಬನ ತಲೆಗೆ ಕಟ್ಟುದು ಎಂತ ನ್ಯಾಯ? ಅವರ ಪಾಲು ಇಲ್ಲ ಅಂತಲ್ಲ, ಉಂಟು.

ಆಸ್ಟಿನ್ ಟೌನ್ ಬೂಟು

ಉಂಟು ಅಂದ್ರಲ್ಲ, ಸಾಕು.

ಸಾಲ್ಟ್‌ಲೇಕ್ ಕನ್ನಡಿಗ

ಕೆಲಸದ ಮೇಲೆ ಕೊಲ್ಕತ್ತಾದಲ್ಲಿ ಇರೋನು, ಅವರ ಎರಡೂ ಇನ್ನಿಂಗ್ಸ್ ಹತ್ತಿರದಿಂದ ನೋಡಿದ್ದೀನಿ. ಫೈನಲ್ ದಿನ ನೀಲಿ ಜೆರ್ಸಿ ಹಾಕ್ಕೊಂಡು ಸಾಲ್ಟ್‌ಲೇಕ್‌ಗೆ ಹೋಗಿದ್ದೆ, ನನ್ನ ನಿಷ್ಠೆ ಬಗ್ಗೆ ಅನುಮಾನ ಬೇಡ.

ಮೊದಲು ದುಡ್ಡಿನ ಪ್ರಶ್ನೆ. ವಿಯ್ಯಾರಿಯಲ್ ಆದ ಮೇಲೆ ಯುರೋಪಿನಲ್ಲಿ ದೊಡ್ಡ ಬಾಗಿಲು ಯಾವುದೂ ತೆರೀಲಿಲ್ಲ. ಗೆಟಾಫೆ ಬಿ ತಂಡ ನೋಡ್ಕೊಂಡ್ರು, ಆಮೇಲೆ ಹಾಂಗ್ ಕಾಂಗ್‌ಗೆ ಹೋದ್ರು. 2014-15ರಲ್ಲಿ ಹಾಂಗ್ ಕಾಂಗ್ ಪ್ರೀಮಿಯರ್ ಲೀಗ್ ಅಂತ ಹೊಸದಾಗಿ ಶುರುವಾಗಿತ್ತು. ಮೊದಲ ಚಾಂಪಿಯನ್ ಅವರ ತಂಡ ಕಿಚೀ. ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿದವನು ಹಾಂಗ್ ಕಾಂಗ್‌ನಲ್ಲಿ ಹೊಸದಾಗಿ ಶುರು ಮಾಡ್ತಾನೆ ಅಂದ್ರೆ ಅಹಂಕಾರ ಎಷ್ಟು ಕಡಿಮೆ ಇರ್ಬೇಕು ಯೋಚನೆ ಮಾಡಿ.

2016ರಲ್ಲಿ ಎಟಿಕೆಗೆ ಬಂದ್ರು. ಆಗ ಅದು ಅಟ್ಲೆಟಿಕೊ ಡಿ ಕೊಲ್ಕತ್ತಾ, ಅಟ್ಲೆಟಿಕೊ ಮ್ಯಾಡ್ರಿಡ್‌ಗೂ ಅದರಲ್ಲಿ ಪಾಲು ಇತ್ತು, ಸೌರವ್ ಗಂಗೂಲಿಗೂ ಇತ್ತು. ಹಳೇ ಕ್ಲಬ್ಬಿನ ದಾರಿಯಲ್ಲೇ ಬಂದ ಕೆಲಸ ಅದು. ಹಿಂದಿನ ಕೋಚ್ ಹಬಾಸ್ 2014ರಲ್ಲಿ ಕಪ್ ಗೆದ್ದು ಕೊಟ್ಟಿದ್ರು, ಹಂಗಾಗಿ ಇಲ್ಲಿನ ಜನಕ್ಕೆ ಯಾರು ಬಂದ್ರೂ ಹಬಾಸ್ ಜೊತೆ ಹೋಲಿಕೆ. ಲೀಗ್‌ನಲ್ಲಿ 14 ಪಂದ್ಯ: 4 ಗೆಲುವು, 8 ಡ್ರಾ, 2 ಸೋಲು. ಬರೀ ಡ್ರಾ ಮಾಡ್ತಾನೆ ಅಂತ ಗೊಣಗಾಟವೋ ಗೊಣಗಾಟ. ನಾಲ್ಕನೇ ಸ್ಥಾನದಲ್ಲಿ ನಾಕೌಟ್‌ಗೆ ತೂರಿದ್ರು.

ಸೆಮಿಫೈನಲ್‌ನಲ್ಲಿ ಮುಂಬೈ ಮೇಲೆ ಮೊದಲ ಲೆಗ್ 3-2 ಗೆದ್ರು. ಎರಡನೇ ಲೆಗ್‌ಗೆ ಹೋದಾಗ ಹೆಚ್ಚುಕಮ್ಮಿ ಇಡೀ ತಂಡವನ್ನೇ ಬದಲಾಯಿಸಿಬಿಟ್ರು. ಗೋಲ್ ಹೊಡೆದಿದ್ದ ಇಯಾನ್ ಹ್ಯೂಮ್ ಕೂಡ ಶುರುವಲ್ಲಿ ಇಲ್ಲ. ಟೀಮ್ ಲಿಸ್ಟ್ ನೋಡಿ ಇಲ್ಲಿ ಜನ ತಲೆ ತಲೆ ಚಚ್ಚಿಕೊಂಡ್ರು. ಅದರ ಮೇಲೆ ಒಬ್ಬನಿಗೆ ರೆಡ್ ಕಾರ್ಡ್, ಹತ್ತು ಜನ. ಆದ್ರೂ 0-0 ಹಿಡಿದು ಫೈನಲ್‌ಗೆ ಬಂದ್ರು. ಕೊಚ್ಚಿಯಲ್ಲಿ, ತುಂಬಿ ತುಳುಕೋ ಹಳದಿ ಗ್ಯಾಲರಿ ಮುಂದೆ ಕೇರಳ ಬ್ಲಾಸ್ಟರ್ಸ್ ಜೊತೆ 1-1, ಪೆನಾಲ್ಟಿಯಲ್ಲಿ 4-3. ಹ್ಯೂಮ್ ಹೊಡೆದ ಮೊದಲ ಪೆನಾಲ್ಟಿನೇ ಹೋಯ್ತು, ಕೊನೆಗೆ ಜ್ಯುವೆಲ್ ರಾಜಾ ಮುಗಿಸಿದ. ದುಡ್ಡಿನ ತಂಡ ಅಂತೀರಲ್ಲ, ಆ ಸೆಮಿಫೈನಲ್ ನಿರ್ಧಾರಕ್ಕೂ ದುಡ್ಡಿಗೂ ಏನು ಸಂಬಂಧ?

ಆಸ್ಟಿನ್ ಟೌನ್ ಬೂಟು

14 ಪಂದ್ಯದಲ್ಲಿ 8 ಡ್ರಾ ಮಾಡಿ ಪೆನಾಲ್ಟಿಲಿ ಗೆದ್ದೋನ ಜೀನಿಯಸ್ ಅಂತೀರಾ? ಇದೇ ಲೆಕ್ಕ ನಮ್ಮ ಕೋಚ್ ಮಾಡಿದ್ರೆ ಕಂಠೀರವದಲ್ಲಿ ಅರ್ಧ ಟೈಮಿಗೇ "ಮನೆಗೆ ಹೋಗು" ಅಂತ ಕೂಗ್ತಿದ್ರಿ.

ಕಂಠೀರವ ಕಾಯಂ ಗಿರಾಕಿ

ಕೂಗ್ತಿದ್ವಿ, ನಿಜ. 😄

ಹೊಸಬ

ಇಷ್ಟೆಲ್ಲ ಕೀಪರ್ ಕೀಪರ್ ಅಂತಿದ್ದೀರಲ್ಲ, ಕೀಪರ್ ಆಗಿದ್ದವರು ಕೋಚ್ ಆಗೋದು ಅಪರೂಪನಾ?

ಬೆಳಗಾವಿ ಗೋಲಿ

ಕಡಿಮಿ. ಇಲ್ಲ ಅಂತಲ್ಲ. ಇಟಲಿಯ ಡೀನೊ ಜೋಫ್ ಯೂರೋ 2000ರಾಗ ಫೈನಲ್ ತನಕಾ ತಂಡ ಒಯ್ದ್ರು. ಲೊಪೆಟೆಗಿ ಕೀಪರ್, ನುನೊ ಎಸ್ಪಿರಿಟೊ ಸ್ಯಾಂಟೊ ಕೀಪರ್. ಮಿಡ್‌ಫೀಲ್ಡರ್‌ಗಳು ಕೋಚ್ ಆದಷ್ಟು ಕೀಪರ್‌ಗಳು ಆಗೂದಿಲ್ಲ, ಯಾಕಂದ್ರ ಕೀಪರ್ ಪ್ರಾಕ್ಟೀಸ್ ಬ್ಯಾರೆ, ಅವರ ಕೋಚ್ ಬ್ಯಾರೆ, ಮೂಲ್ಯಾಗ ತಮ್ಮಷ್ಟಕ್ಕ ತಾವ ಇರತಾರ. ಮಿಡ್‌ಫೀಲ್ಡಿನ ಲೆಕ್ಕಾಚಾರ ಅವರ ಕೈಯಾಗ ಬರೂದು ಕಷ್ಟ ಅಂತ ಒಂದು ನಂಬಿಕಿ ಐತಿ.

ಆದ್ರ ಒಂದು ಲಾಭ ಐತಿ ನೋಡ್ರಿ. ಹನ್ನೊಂದ ಮಂದ್ಯಾಗ ಇಡೀ ಆಟ ತನ್ನ ಮುಂದ ನಡ್ಯೂದನ್ನ ನೋಡಾಂವ ಅವನೊಬ್ಬನ. ಉಳದವರ ಬೆನ್ನ ಹಿಂದ ಏನರ ನಡದಿರತೈತಿ, ಅವಂಗ ಬೆನ್ನ ಹಿಂದ ಬರೇ ಗೋಲಿನ ಬಲಿ. ಆಂಟಿಚ್ ಲೈನಿನ ಹಿಂದ ನಿಂತು 42 ಪಂದ್ಯ ಆಡಿದಾಂವಗ ಡಿಫೆನ್ಸ್ ಎಲ್ಲಿ ಬಿಚ್ಚತೈತಿ ಅಂತ ಹೇಳಿಕೊಡಬೇಕಿಲ್ಲ.

ಸಾಲ್ಟ್‌ಲೇಕ್ ಕನ್ನಡಿಗ

ನಡುವಿನ ಕಾಲ ಬೇಗ ಹೇಳಿಬಿಡ್ತೀನಿ. ಮೆಕ್ಸಿಕೋದಲ್ಲಿ ಸ್ವಲ್ಪ ದಿನ, ಅಟ್ಲೆಟಿಕೊಗೇ ಸೇರಿದ ಸಾನ್ ಲೂಯಿಸ್ ತಂಡ. 2018ರಲ್ಲಿ ಸ್ಪೇನ್ ಫೆಡರೇಷನ್ನಿನ ಸ್ಪೋರ್ಟಿಂಗ್ ಡೈರೆಕ್ಟರ್ ಕೆಲಸ. ವಿಶ್ವಕಪ್ ಶುರುವಾಗೋ ಹಿಂದಿನ ದಿನ ಲೊಪೆಟೆಗಿನ ತೆಗೆದು ಇಯೆರೋನ ಕೂರಿಸಿದ್ರಲ್ಲ, ಆ ಗಲಾಟೆ ಮುಗಿದ ಮೇಲೆ ಲೂಯಿಸ್ ಎನ್ರಿಕೆ ಕೋಚ್, ಮೊಲಿನಾ ಡೈರೆಕ್ಟರ್. 2022ರ ಕೊನೆಯಲ್ಲಿ ಕತಾರ್‌ನಲ್ಲಿ ಮೊರಾಕ್ಕೊ ಕೈಲಿ ಸೋತ ಮೇಲೆ ಇಬ್ಬರೂ ಹೊರಗೆ. ಅವರ ಕುರ್ಚಿಗೆ ಬಂದವರು ಆಲ್ಬರ್ಟ್ ಲುಕೆ.

ಕುಡ್ಲದ ಕಾರ್ನರ್

ಮಿಲಾನಿಗೆ ಮೂರನೇ ಗೋಲು ಹೊಡೆದ ಅದೇ ಲುಕೆ! ಡೆಪೋರ್ ಡ್ರೆಸ್ಸಿಂಗ್ ರೂಮಿನವರು ಎಲ್ಲಿ ಹೋದ್ರೂ ಒಬ್ಬರಿಗೊಬ್ಬರು ಸಿಗ್ತಾರೆ.

ಸಾಲ್ಟ್‌ಲೇಕ್ ಕನ್ನಡಿಗ

ಹೂಂ. 2024ರಲ್ಲಿ ಮತ್ತೆ ಕೊಲ್ಕತ್ತಾ. ಎಟಿಕೆ 2020ರಲ್ಲೇ ಮೋಹನ್ ಬಗಾನ್ ಜೊತೆ ಸೇರಿತ್ತು, ಅಂದ್ರೆ ಒಂದು ರೀತಿ ತಮ್ಮದೇ ಹಳೇ ಮನೆಗೆ ಬಂದ ಹಾಗೆ. ತಂಡ ಲೀಗ್ ಶೀಲ್ಡ್ (ಪಾಯಿಂಟ್ ಪಟ್ಟಿಯಲ್ಲಿ ಮೊದಲು ಬಂದವರಿಗೆ ಕೊಡೋದು; ಕಪ್ ನಾಕೌಟ್ ಗೆದ್ದವರಿಗೆ) ಗೆದ್ದು ಕೂತಿತ್ತು, ಆದರೆ ಕಪ್ ಫೈನಲ್ ಸ್ವಂತ ಮೈದಾನದಲ್ಲಿ ಮುಂಬೈಗೆ 3-1 ಸೋತಿತ್ತು. ಎರಡೂ ಒಟ್ಟಿಗೆ ಬೇಕು ಅನ್ನೋದು ಇಲ್ಲಿನ ಜನರ ಹಟ.

ಶುರು ಹೇಗಿತ್ತು? ಡ್ಯುರಾಂಡ್ ಕಪ್ ಫೈನಲ್, ನಾರ್ತ್‌ಈಸ್ಟ್ ಮೇಲೆ 2-0 ಮುಂದಿದ್ದು 2-2 ಆಗಿ ಪೆನಾಲ್ಟಿಯಲ್ಲಿ ಸೋಲು. ಐಎಸ್‌ಎಲ್ ಮೊದಲ ಪಂದ್ಯ, ಮುಂಬೈ ಮೇಲೆ ಮತ್ತೆ 2-0 ಮುಂದಿದ್ದು 2-2. ಅದಾಗಿ ಸೆಪ್ಟೆಂಬರ್ 28ಕ್ಕೆ ಬೆಂಗಳೂರಿಗೆ ಬಂದ್ರು.

ಕಂಠೀರವ ಕಾಯಂ ಗಿರಾಕಿ

3-0! ಎಡ್ಗರ್ ಮೆಂಡೆಸ್, ಸುರೇಶ್, ಛೆಟ್ರಿ ಪೆನಾಲ್ಟಿ. ಆ ರಾತ್ರಿ ಕಬ್ಬನ್ ಪಾರ್ಕ್ ಮೆಟ್ರೊ ಸ್ಟೇಷನ್ ತನಕ ಹಾಡ್ಕೊಂಡೇ ಹೋದ್ವಿ. ಮೊಲಿನಾ ದೀಪಾವಳಿ ತನಕ ಇರಲ್ಲ ಅಂತ ಬೆಟ್ ಕಟ್ಟಿದವರು ನಮ್ಮ ಗ್ಯಾಲರಿಯಲ್ಲಿ ಎಷ್ಟು ಜನವೋ.

ಸಾಲ್ಟ್‌ಲೇಕ್ ಕನ್ನಡಿಗ

ಇಲ್ಲೂ ಅದೇ ಮಾತು. ಆಮೇಲಿನ ಲೆಕ್ಕ ನೋಡಿ: ಸೀಸನ್ ಪೂರ್ತಿ 24 ಪಂದ್ಯ, 17 ಗೆಲುವು, 5 ಡ್ರಾ, ಸೋತಿದ್ದು ಎರಡೇ. ಬೆಂಗಳೂರಲ್ಲೊಂದು, ಗೋವಾದಲ್ಲೊಂದು. 56 ಪಾಯಿಂಟ್, ಐಎಸ್‌ಎಲ್‌ನಲ್ಲಿ ಅದುವರೆಗೆ ಯಾರೂ ಮುಟ್ಟಿರದ ಲೆಕ್ಕ. ಏನು ಬದಲಾಯ್ತು? ಹಿಂದಿನ ಸೀಸನ್ನಿನ ಹೀರೋ ದಿಮಿತ್ರಿ ಪೆಟ್ರಾಟೋಸ್. ಇಲ್ಲಿ ಅವನ ಹೆಸರಲ್ಲಿ ಬ್ಯಾನರ್, ಅವನ ಹೆಸರಲ್ಲಿ ಹಾಡು. ಅವನನ್ನ ಬೆಂಚಿಗೆ ಕಳಿಸಿದ್ರು. ಸ್ಟೀವರ್ಟ್, ಮ್ಯಾಕ್ಲಾರೆನ್ ಸುತ್ತ ದಾಳಿ ಕಟ್ಟಿದ್ರು. ಹಿಂದೆ ಆಲ್ಡ್ರೆಡ್, ಆಲ್ಬರ್ಟೊ ರೋಡ್ರಿಗಸ್ ಇಬ್ಬರೂ ಎತ್ತರದವರು, ಕಾರ್ನರ್ ಬಂತು ಅಂದ್ರೆ ಎದುರಿನವರಿಗೆ ನಡುಕ. ಲೆಫ್ಟ್ ಬ್ಯಾಕ್ ಸುಭಾಶಿಷ್ ಬೋಸ್ ಆ ಸೀಸನ್‌ನಲ್ಲಿ 6 ಗೋಲ್ ಹೊಡೆದ, ಡಿಫೆಂಡರ್!

ಫೆಬ್ರವರಿ 23, ಒಡಿಶಾ ಜೊತೆ. ಗೆದ್ದರೆ ಶೀಲ್ಡ್. 90 ನಿಮಿಷ ಆದ್ರೂ 0-0. ಇಂಜುರಿ ಟೈಮಲ್ಲಿ ಗೋಲ್ ಹೊಡೆದವನು ಯಾರು ಹೇಳಿ? ಪೆಟ್ರಾಟೋಸ್. ತಿಂಗಳುಗಟ್ಟಲೆ ಬೆಂಚ್ ಕಾಯಿಸಿಕೊಂಡವನು ಮುನಿಸಿಕೊಳ್ಳದೆ ಬಂದು ಹೊಡೆದ ಅಂದ್ರೆ ಡ್ರೆಸ್ಸಿಂಗ್ ರೂಮ್ ನಡೆಸೋದು ಗೊತ್ತಿತ್ತು ಅಂತಾನೇ ಅರ್ಥ. ದುಡ್ಡು ಒಳ್ಳೆ ಆಟಗಾರರನ್ನ ತರತ್ತೆ, ಕೂರಿಸಿದಾಗ ಬಾಯಿ ಮುಚ್ಚಿಕೊಂಡು ಕೂರೋ ಹಾಗೆ ಮಾಡಲ್ಲ.

ಆಸ್ಟಿನ್ ಟೌನ್ ಬೂಟು

ಸರಿ, ಇದು ಒಳ್ಳೆ ಪಾಯಿಂಟ್. ಆದರೆ ಬೆಂಚಲ್ಲಿ ಪೆಟ್ರಾಟೋಸ್ ಇರೋ ಭಾಗ್ಯ ಇನ್ಯಾವ ಕೋಚ್‌ಗಿತ್ತು ಹೇಳಿ. ಅವಾಗ ನಮ್ಮ ಕೋಚ್ ಆಗಿದ್ದ ಜೆರಾರ್ಡ್ ಸರಗೋಸಾ ಬೆಂಚ್ ಕಡೆ ತಿರುಗಿ ನೋಡಿದ್ರೆ ಅಲ್ಲಿ ಹುಡುಗರು.

ನನ್ನ ಕೇಳಿದ್ರೆ ಕಾರ್ಲೆಸ್ ಕ್ವಾದ್ರಾತ್ ಮಾಡಿದ್ದು ದೊಡ್ಡ ಕೆಲಸ. ಬಾರ್ಸಿಲೋನಾ ಹುಡುಗರ ತಂಡದಲ್ಲಿ ಬೆಳೆದು, ಇಂಜುರಿಯಿಂದ ಬೇಗ ಆಟ ಬಿಟ್ಟು, ಆಲ್ಬರ್ಟ್ ರೋಕಾಗೆ ಅಸಿಸ್ಟೆಂಟ್ ಆಗಿ 2016ರಲ್ಲಿ ನಮ್ಮೂರಿಗೆ ಬಂದ್ರು. ಅದೇ ವರ್ಷ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್‌ಗಳ ಟೂರ್ನಿ) ಫೈನಲ್, ಒಂದು ಭಾರತೀಯ ಕ್ಲಬ್ ಅಲ್ಲಿ ತನಕ ಹೋಗಿದ್ದು ಅದೇ ಮೊದಲು. ರೋಕಾ ಹೋದ ಮೇಲೆ ತಾವೇ ಹೆಡ್ ಕೋಚ್ ಆಗಿ 2019ರ ಮಾರ್ಚ್ 17ಕ್ಕೆ ಕಪ್ ತಂದು ಕೊಟ್ರು. ಗೋವಾ ಮೇಲೆ ಎಕ್ಸ್‌ಟ್ರಾ ಟೈಮಲ್ಲಿ ದಿಮಾಸ್ ಕಾರ್ನರ್, ರಾಹುಲ್ ಭೇಕೆ ಹೆಡರ್, 117ನೇ ನಿಮಿಷ. ಆಮೇಲೆ 2024ರಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್, ಅವರಿಗೆ 12 ವರ್ಷದಲ್ಲಿ ಮೊದಲ ರಾಷ್ಟ್ರೀಯ ಟ್ರೋಫಿ. ಪೇಟೆಯಲ್ಲಿ ದುಬಾರಿಯಾಗಿ ಕೊಂಡ ತಂಡ ಅಲ್ಲ ಅದು. ಸ್ಪ್ಯಾನಿಷ್ ಕೋಚ್ ಅಂದ್ರೆ ನನಗೆ ಅವರು.

ಸಾಲ್ಟ್‌ಲೇಕ್ ಕನ್ನಡಿಗ

ಕ್ವಾದ್ರಾತ್ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಈಸ್ಟ್ ಬೆಂಗಾಲ್‌ನಲ್ಲಿ ಮುಂದಿನ ಸೀಸನ್ ಶುರುವಿನ ಮೂರು ಪಂದ್ಯ ಸೋತು ಅವರೇ ಬಿಟ್ಟು ಹೋದ್ರು. ಮೊದಲನೇ ಸೋಲು ನಮ್ಮ ಕಂಠೀರವದಲ್ಲೇ, ವಿನೀತ್ ಹೊಡೆದ ಗೋಲಿಗೆ. ಅದೇ ತಿಂಗಳು ಅದೇ ಮೈದಾನದಲ್ಲಿ ಮೊಲಿನಾ ಮೂರು ಗೋಲಿಗೆ ಸೋತ್ರು. ಒಬ್ಬರು ಸೆಪ್ಟೆಂಬರ್ 30ಕ್ಕೆ ಕೆಲಸ ಬಿಟ್ರು, ಇನ್ನೊಬ್ಬರು ಶೀಲ್ಡೂ ಕಪ್ಪೂ ಎತ್ತಿದ್ರು. 2025ರಲ್ಲಿ ಕ್ವಾದ್ರಾತ್ ಫಿಲಿಪ್ಪೀನ್ಸ್ ರಾಷ್ಟ್ರೀಯ ತಂಡಕ್ಕೆ ಹೋದರು, ಒಳ್ಳೇದಾಗಲಿ.

ಕುಡ್ಲದ ಕಾರ್ನರ್

ಲೆಕ್ಕ ಹಾಕಿ ನೋಡಿದೆ. 2014ರಿಂದ 2025ರ ತನಕ ಐಎಸ್‌ಎಲ್ ಕಪ್ 11 ಸಲ ಕೊಟ್ಟಿದ್ದಾರೆ, ಅದರಲ್ಲಿ 8 ಸಲ ಗೆದ್ದದ್ದು ಸ್ಪ್ಯಾನಿಷ್ ಕೋಚ್. ಹಬಾಸ್ ಎರಡು, ಮೊಲಿನಾ ಎರಡು, ಕ್ವಾದ್ರಾತ್, ಲೊಬೇರಾ, ಮನೋಲೊ ಮಾರ್ಕೆಸ್, ಫೆರಾಂಡೊ ಒಂದೊಂದು. ಎರಡು ಸಲ ಗೆದ್ದವರು ಹಬಾಸ್, ಮೊಲಿನಾ ಇಬ್ಬರೇ.

ಹೊಸಬ

ಫೈನಲ್ ಆಗಿದ್ದು ಹೇಗೆ? ನಾನು ಅವಾಗ ನೋಡ್ತಿರಲಿಲ್ಲ.

ಕಂಠೀರವ ಕಾಯಂ ಗಿರಾಕಿ

ಹೇಳೋಕೇ ಹೊಟ್ಟೆ ಉರಿಯತ್ತೆ. ಪ್ಲೇಆಫ್‌ನಲ್ಲಿ ಮುಂಬೈಗೆ 5-0 ಬಾರಿಸಿ, ಗೋವಾದಲ್ಲಿ ಛೆಟ್ರಿ ಕೊನೆ ಗಳಿಗೆಯಲ್ಲಿ ಹೆಡರ್ ಹೊಡೆದು ಫೈನಲ್‌ಗೆ ಹೋಗಿದ್ವಿ. ಎರಡನೇ ಹಾಫ್ ಶುರುವಲ್ಲೇ ರಯಾನ್ ವಿಲಿಯಮ್ಸ್ ಕ್ರಾಸ್, ಆಲ್ಬರ್ಟೊ ಕಾಲಿಗೆ ತಾಗಿ ಸ್ವಂತ ಗೋಲು. 1-0 ನಾವು. ಇಡೀ ಸಾಲ್ಟ್‌ಲೇಕ್ ಗಪ್‌ಚುಪ್. 72ನೇ ನಿಮಿಷಕ್ಕೆ ಹ್ಯಾಂಡ್‌ಬಾಲ್, ಪೆನಾಲ್ಟಿ, ಕಮಿಂಗ್ಸ್. ಎಕ್ಸ್‌ಟ್ರಾ ಟೈಮ್ ಶುರುವಾಗಿ ಸ್ವಲ್ಪ ಹೊತ್ತಿಗೆ ಮ್ಯಾಕ್ಲಾರೆನ್. ಮುಗೀತು. ಫೈನಲ್‌ನಲ್ಲಿ ನಮ್ಮನ್ನ ಸೋಲಿಸಿದವರು: 2018ರಲ್ಲಿ ಚೆನ್ನೈಯಿನ್, 2023ರಲ್ಲಿ ಇದೇ ಬಗಾನ್, 2025ರಲ್ಲಿ ಮತ್ತೆ ಬಗಾನ್.

ಸಾಲ್ಟ್‌ಲೇಕ್ ಕನ್ನಡಿಗ

1-0 ಆದಾಗ ನಾನು ಆಟ ನೋಡೋದು ಬಿಟ್ಟು ಬಗಾನ್ ಡಗೌಟ್ ಕಡೆ ನೋಡ್ತಿದ್ದೆ. ಸುತ್ತ ಅರವತ್ತು ಸಾವಿರದ ಹತ್ತಿರ ಜನ ತಲೆ ಮೇಲೆ ಕೈ ಹೊತ್ತಿದ್ರು, ಆ ಯಪ್ಪ ಮಾತ್ರ ಕೈ ಕಟ್ಟಿ ನಿಂತಿದ್ರು. ಓಡಾಟ ಇಲ್ಲ, ಕೂಗಾಟ ಇಲ್ಲ. ಮೊನಾಕೊ ಕತೆ ಇವತ್ತು ಇಲ್ಲಿ ಓದಿದ ಮೇಲೆ ಅದು ಅರ್ಥ ಆಗ್ತಿದೆ.

ಬೆಳಗಾವಿ ಗೋಲಿ

ಅವತ್ತು ನಮ್ಮ ಗೋಲಿನ್ಯಾಗ ನಿಂತಿದ್ದ ಗುರ್‌ಪ್ರೀತ್ ಒಂದು ಕಾಲಕ್ಕ ನಾರ್ವೆಯ ಸ್ಟಾಬೆಕ್ ಕ್ಲಬ್ಬಿಗೆ ಆಡಿದಾಂವ. ನಾರ್ವೆ ಋಣ ಮೊಲಿನಾ ಕಡೀಗೂ ನಮ್ಮ ಹುಡುಗನ ಮ್ಯಾಲ ತೀರಿಸಿಕೊಂಡ್ರು ಅಂತ ಕಾಣತೈತಿ.

ಕುಡ್ಲದ ಕಾರ್ನರ್

😂😂 ಇದು ಮಾತ್ರ ಸೂಪರ್.

ಆಸ್ಟಿನ್ ಟೌನ್ ಬೂಟು

ನಗು ಆಯ್ತು, ಈಗ ಏಷ್ಯಾ ಮಟ್ಟದ ಟೂರ್ನಿ ಬಗ್ಗೆ ಮಾತಾಡಿ. 2024ರಲ್ಲಿ ಟ್ರ್ಯಾಕ್ಟರ್ ಅನ್ನೋ ಕ್ಲಬ್ ಜೊತೆ ಆಡೋಕೆ ಇರಾನ್‌ಗೆ ಹೋಗ್ಲಿಲ್ಲ, ಹೊರಗೆ ಬಿದ್ರು. 2025ರಲ್ಲಿ ತುರ್ಕ್ಮೆನಿಸ್ತಾನದ ಅಹಲ್ ಕ್ಲಬ್‌ಗೆ ಸ್ವಂತ ಊರಲ್ಲಿ ಸೋತು, ಮತ್ತೆ ಇರಾನ್‌ಗೆ ಹೋಗ್ಲಿಲ್ಲ. ಡ್ಯುರಾಂಡ್‌ನಲ್ಲಿ ಈಸ್ಟ್ ಬೆಂಗಾಲ್ ಕೈಲಿ 2-1 ಸೋಲು. ಇಷ್ಟು ದೊಡ್ಡ ತಂಡ ಇಟ್ಕೊಂಡು ಭಾರತದ ಹೊರಗೆ ಏನು ಸಾಧನೆ?

ಸಾಲ್ಟ್‌ಲೇಕ್ ಕನ್ನಡಿಗ

ಇರಾನ್‌ಗೆ ಹೋಗದೇ ಇದ್ದಿದ್ದನ್ನ ಕೋಚ್ ಲೆಕ್ಕಕ್ಕೆ ಬರೀಬೇಡಿ, ಅದು ಆಟಗಾರರ ಸುರಕ್ಷತೆ, ಕ್ಲಬ್ಬಿನ ತೀರ್ಮಾನ. ಅಹಲ್ ಪಂದ್ಯ ಅವರ ಲೆಕ್ಕಕ್ಕೇ, ಒಪ್ಪಿದೆ. ಕೊನೇ ತಿಂಗಳುಗಳಲ್ಲಿ ತಂಡ ಮಂಕಾಗಿತ್ತು. ಐಎಫ್‌ಎ ಶೀಲ್ಡ್ ಅನ್ನೋ ಬೇರೆ ಟೂರ್ನಿಯಲ್ಲಿ ಈಸ್ಟ್ ಬೆಂಗಾಲ್‌ನ ಪೆನಾಲ್ಟಿಯಲ್ಲಿ ಸೋಲಿಸಿದ್ರೂ ಸೂಪರ್ ಕಪ್‌ನಲ್ಲಿ ಗುಂಪು ಹಂತದಲ್ಲೇ ಹೊರಗೆ. ನವೆಂಬರ್‌ಗೆ ಕತೆ ಮುಗೀತು. ಶೀಲ್ಡು, ಕಪ್ಪು ಎರಡೂ ಕೊಟ್ಟವನಿಗೆ ಇಲ್ಲಿ ಎಂಟು ತಿಂಗಳು ಕೂಡ ಕಾಯಲ್ಲ ಜನ.

ಹೊಸಬ

ಮೊನಾಕೊ ಮ್ಯಾಚ್ ಹೈಲೈಟ್ಸ್ ಈಗ ನೋಡಿದೆ. ಅಯ್ಯೋ ಪಾಪ. ಇನ್ನು ಮಿಲಾನ್ ನೋಡ್ತೀನಿ.

ಆಸ್ಟಿನ್ ಟೌನ್ ಬೂಟು

ನೋಡು, ನೋಡು, ವಲೆರೋನ್ ಆಟ ನೋಡೋಕಾದ್ರೂ ನೋಡು.

ನನ್ನ ಕಡೆಯಿಂದ ಹಾಂಗ್ ಕಾಂಗ್ ಒಪ್ಪಿದೆ, 2016 ಅರ್ಧ ಒಪ್ಪಿದೆ, ಪೆಟ್ರಾಟೋಸ್ ವಿಷಯ ಪೂರ್ತಿ ಒಪ್ಪಿದೆ. 2025ರ ಫೈನಲ್ ಮಾತ್ರ ಒಪ್ಪಲ್ಲ. ಆ ಹ್ಯಾಂಡ್‌ಬಾಲ್ ಬಗ್ಗೆ ಬೇರೆ ಥ್ರೆಡ್ ತೆಗೀತಿದ್ದೀನಿ, ಎಲ್ಲರೂ ಅಲ್ಲಿಗೆ ಬನ್ನಿ.